ಚಂಚಲಚಿತ್ತದ ಮಕ್ಕಳೂ ಶಾಲೆಯ ಹೊಣೆಯೂ

ಹೆಡತಲೆಗೆ ಬಂದ ಯಾತ್ರಿಕರು ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ನೋಡಿದವರು ಅಲ್ಲಿಯ ಹದಿನಾರು ಮುಖದ ಚಾವಡಿಯ ಬಳಿ ಒಂದು ಗಳಿಗೆ ನಿಲ್ಲದೆ ಇರುವುದೂ ಇಲ್ಲ. ಊರನ್ನಾಳಿದ ಪಾಳೆಯಗಾರನೊಬ್ಬನು ತನ್ನ ಹದಿನಾರು ಮಂದಿ ಅಳಿಯಂದಿರಿಗಾಗಿ ಅದನ್ನು ಕಟ್ಟಿಸಿದನೆಂಬುದು ಪ್ರತೀತಿ. ಅದರ ಸತ್ಯಾಸತ್ಯ ಹೇಗಾದರೂ ಇರಲಿ, ಒಂದೇ ಸೂರಿನ ಕೆಳಗೆ ಹದಿನಾರು ಮುಖಗಳಿಗೆ ಎಡೆಮಾಡಬೇಕೆಂದು ಯೋಚಿಸಿದವನು ಮನುಷ್ಯಸ್ವಭಾವವನ್ನು ಬಲ್ಲವನೇ ಆಗಿರಬೇಕು. ಶಾಲೆಯ ಕೊಠಡಿಗೆ ಈ ಸೌಕರ್ಯವಿಲ್ಲ. ಅಲ್ಲಿ ನಲವತ್ತು ಮಕ್ಕಳಿಗೂ ಒಂದೇ ಮುಖ. ಅದು ಕರಿಹಲಗೆಯ ಕಡೆಗೆ. ಆ ಕಡೆಗೆ ಮುಖಮಾಡಿ ಒಂದು ಪಾಠದ ಅವಧಿಯುದ್ದಕ್ಕೂ ಕುಳಿತಿರಲಾರದ ಮಗುವಿನ ವಿಚಾರವನ್ನು ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಿಗೆ ಓದುವ ಇಂತಹ ಸಂಚಿಕೆಯಲ್ಲಿ ಎತ್ತುವುದು ಉಚಿತವಾಗಿದೆ.

ಅಂತಹ ಮಗು ಇಲ್ಲದ ಶಾಲೆಯಿಲ್ಲ. ನಾಲ್ಕನೆಯ ತರಗತಿಯ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಮನೆಯವರು ನಗುತ್ತ ಹೇಳುವರು. “ಕುಂತ ತಾವು ಕುಂತ್ಕಳಲ್ಲ, ನಿಂತ ತಾವು ನಿಂತ್ಕಳಲ್ಲ” ಎಂದು ಅಜ್ಜಿ ದೂರುವರು. ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಕೂಗುತ್ತಾನೆ. ಐದು ಲೆಕ್ಕಗಳಲ್ಲಿ ಮೊದಲ ಎರಡನ್ನು ಸರಿಯಾಗಿ ಮಾಡಿ, ಮೂರನೆಯದನ್ನು ಅರ್ಧಕ್ಕೆ ಬಿಟ್ಟು, ಕಿಟಕಿಯಾಚೆಯ ಟ್ರಾಕ್ಟರನ್ನು ನೋಡುತ್ತ ನಿಲ್ಲುತ್ತಾನೆ. ವಾರಕ್ಕೊಂದು ಪೆನ್ಸಿಲು, ತಿಂಗಳಿಗೊಂದು ಛತ್ರಿ ಕಳೆಯುತ್ತಾನೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಕಾಯುವುದು ಅವನಿಂದಾಗದು. ಇಷ್ಟಾದರೂ ಅವನು ಕೇಡಿಗನಲ್ಲ. ತಳ್ಳಿದ ಮರುಕ್ಷಣವೇ ಬಿದ್ದವನನ್ನು ಎತ್ತಲು ಓಡುವವನೂ ಅವನೇ. ಮೊದಲು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಅನಂತರ ಬಾಗಿಲ ಹೊರಗೆ. ಆಮೇಲೆ ಆಟದ ಅವಧಿ ತಪ್ಪಿಸುತ್ತಾರೆ. ಕೊನೆಗೆ ತಂದೆಯನ್ನು ಕರೆಸಿ, “ಈ ಹುಡುಗನಿಗೆ ಬೇರೆ ಶಾಲೆಯೇ ಒಳ್ಳೆಯದು” ಎಂದು ಮೃದುವಾಗಿ ಸೂಚಿಸಿ ವರ್ಗಾವಣೆ ಪತ್ರವನ್ನು ಮುಂದಿಡುತ್ತಾರೆ. ಹೊರಹಾಕಿದೆವೆಂದು ಯಾರೂ ಹೇಳುವುದಿಲ್ಲ. ಹುಡುಗನಿಗೆ ಮಾತ್ರ ಅದು ಹಾಗೆಯೇ ಅರ್ಥವಾಗುತ್ತದೆ.

ಇಂದಿನ ವೈದ್ಯಶಾಸ್ತ್ರ ಇದಕ್ಕೆ ಇಟ್ಟಿರುವ ಹೆಸರು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಎ.ಡಿ.ಎಚ್.ಡಿ. ಎಂಬ ಮೊಟಕುಹೆಸರು ನಗರಗಳಲ್ಲಿ ಬಳಕೆಗೆ ಬಂದು ಬಹಳ ಕಾಲವಾಯಿತು. ಈ ಹೆಸರು ಹೊಸದು, ಕಾಯಿಲೆಯೂ ಹೊಸದು, ಪೇಟೆಯ ಮಕ್ಕಳ ತಾಯಿತಂದೆಗಳು ಹಣ ಹೆಚ್ಚಾಗಿ ಕಂಡುಕೊಂಡದ್ದು ಎನ್ನುವ ಹಿರಿಯರುಂಟು. “ಹಿಂದೆ ಇವೆಲ್ಲ ಎಲ್ಲಿದ್ದವು?” ಎಂಬ ಅವರ ಪ್ರಶ್ನೆಗೆ ಉತ್ತರ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇದೆ. ಪ್ರತಿಯೊಂದು ಶಾಲೆಯ ದಾಖಲಾತಿ ಪುಸ್ತಕದಲ್ಲಿಯೂ ‘ಶಾಲೆ ಬಿಟ್ಟ ಕಾರಣ’ವೆಂಬ ಅಂಕಣವೊಂದುಂಟು. ಹಿಂದೆ ಇಂತಹ ಹುಡುಗ ಎರಡನೆಯ ತರಗತಿಯಲ್ಲಿಯೋ ಮೂರನೆಯದರಲ್ಲಿಯೋ ಶಾಲೆ ಬಿಟ್ಟು ದನ ಕಾಯಲು, ಗದ್ದೆಗೆ ನೀರು ತಿರುಗಿಸಲು ಹೋಗುತ್ತಿದ್ದನು. ಬಯಲಿನ ದುಡಿಮೆ ಅವನ ಸ್ವಭಾವಕ್ಕೆ ಒಗ್ಗಿರಲೂಬಹುದು. ಆದರೆ ಅಕ್ಷರ ಒಲಿಯದೆ ಹೋದುದಕ್ಕೆ ಅವನ ದಡ್ಡತನವೇ ಕಾರಣವೆಂದು ಊರೂ ನಂಬಿತು, ಅವನೂ ನಂಬಿದನು. ರ್‍ಯಾಂಕು ಪಡೆದವರ ಭಾವಚಿತ್ರಗಳನ್ನು ಅಚ್ಚುಹಾಕುವ ಸಂಚಿಕೆಗಳು ಆ ಅಂಕಣದಲ್ಲಿರುವ ಹೆಸರುಗಳನ್ನು ಎಂದೂ ಅಚ್ಚುಹಾಕುವುದಿಲ್ಲ.

ವೈದ್ಯರೇನೂ ಮೊದಲಿನಿಂದಲೇ ಸರಿಯಾಗಿ ತಿಳಿದಿದ್ದರೆಂದಲ್ಲ. 1902ರಲ್ಲಿ ಲಂಡನ್ನಿನ ವೈದ್ಯರ ಮಹಾಸಭೆಯೊಂದರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ತಜ್ಞರು ಇಂತಹ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದಾಗ ಇದನ್ನು ನೈತಿಕ ಸಂಯಮದ ದೋಷವೆಂದೇ ಬಣ್ಣಿಸಿದರು. ಅಂದರೆ ವೈದ್ಯರ ಬಾಯಲ್ಲಿಯೂ ಅಂದು ಇದ್ದದ್ದು ಮೇಷ್ಟರ ಬೈಗುಳದ ಸುಧಾರಿತ ರೂಪವೇ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ಪ್ರಾಂತದಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು ತಮ್ಮ ಮಕ್ಕಳ ಆಸ್ಪತ್ರೆಯಲ್ಲಿ ತಲೆನೋವಿನ ಉಪಶಮನಕ್ಕೆಂದು ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟುನೋಡಿದರು. ತಲೆನೋವು ಅಷ್ಟಾಗಿ ಇಳಿಯಲಿಲ್ಲ. ಆದರೆ ಕೆಲವು ಮಕ್ಕಳು ಪಾಠದಲ್ಲಿ ನೆಲೆನಿಂತರು, ಲೆಕ್ಕಗಳನ್ನು ಕೊನೆಮುಟ್ಟಿಸಿದರು. ಇದನ್ನು ಮೊದಲು ಗುರುತಿಸಿದವರು ಆ ಆಸ್ಪತ್ರೆಯ ಶಾಲೆಯ ಉಪಾಧ್ಯಾಯರು. ಮಕ್ಕಳಂತೂ ಅದನ್ನು ಲೆಕ್ಕದ ಮಾತ್ರೆಯೆಂದೇ ಕರೆದರಂತೆ. ಆಮೇಲೆ ಹೆಸರುಗಳು ಬದಲಾಗುತ್ತ ಬಂದವು: ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಒಂದು ಹೆಸರನ್ನೂ 1980ರಲ್ಲಿ ಇನ್ನೊಂದನ್ನೂ ಕೊಟ್ಟು, 1987ರಲ್ಲಿ ಈಗಿನ ಹೆಸರಿಗೆ ಬಂದು ನಿಂತಿತು.

ಈ ತೊಂದರೆ ಬಹುಮಟ್ಟಿಗೆ ವಂಶಾನುಗತವೆಂಬುದು ಈಗ ನಿರ್ವಿವಾದ. ಮಗನ ದೂರು ಕೇಳಲು ಬಂದ ತಂದೆ “ಚಿಕ್ಕಂದಿನಲ್ಲಿ ನಾನೂ ಹಿಂಗೇ ಇದ್ದೆ ಸ್ವಾಮಿ” ಎನ್ನುವುದು ಬರಿಯ ಸಮಜಾಯಿಷಿಯಲ್ಲ, ವೈದ್ಯರಿಗೆ ಬೇಕಾದ ಸಾಕ್ಷ್ಯ. ಮೆದುಳಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿದ ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವರದಿಯಂತೆ, ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ ಆಗುವ ಮೆದುಳಿನ ಹೊರಪದರದ ಬಲಿಯುವಿಕೆ ಈ ಮಕ್ಕಳಲ್ಲಿ ಹತ್ತೂವರೆ ವರ್ಷಕ್ಕೆ ಆಗುತ್ತದೆ. ಬೆಳವಣಿಗೆಯ ಹಾದಿ ಒಂದೇ, ವೇಗ ನಿಧಾನ. ಉಪಾಧ್ಯಾಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿಯಿದು. ಹತ್ತು ವರ್ಷದ ಹುಡುಗನಿಂದ ಹತ್ತು ವರ್ಷದವನ ಸಂಯಮವನ್ನು ಬೇಡುವಾಗ, ಅವನ ಕೈಯಲ್ಲಿ ಅಷ್ಟು ಬಂಡವಾಳ ಇನ್ನೂ ಸೇರಿಲ್ಲದೆ ಇರಬಹುದು.

ಮನೆಯವರು ಇಲ್ಲಿ ಒಂದು ಆಕ್ಷೇಪ ಎತ್ತುವುದುಂಟು: ಮೊಬೈಲು ಕೊಟ್ಟರೆ ಎರಡು ಗಂಟೆ ಅಲ್ಲಾಡದೆ ಕೂಡುವವನಿಗೆ ಗಮನವಿಲ್ಲವೆಂದರೆ ಹೇಗೆ? ಆಕ್ಷೇಪ ನ್ಯಾಯವಾದುದೇ. ಆದರೆ ಕೊರತೆಯಿರುವುದು ಗಮನದಲ್ಲಲ್ಲ, ಗಮನವನ್ನು ಬೇಕೆಂದ ಕಡೆಗೆ ತಿರುಗಿಸಿ ನಿಲ್ಲಿಸುವ ಕಡಿವಾಣದಲ್ಲಿ. ಕ್ಷಣಕ್ಷಣಕ್ಕೂ ಹೊಸ ಬಣ್ಣ, ಹೊಸ ಸದ್ದು, ಹೊಸ ಬಹುಮಾನ ಕೊಡುವ ಯಂತ್ರ ಆ ಕಡಿವಾಣವನ್ನು ತಾನೇ ಹಿಡಿದುಕೊಳ್ಳುತ್ತದೆ. ಹದಿನಾರರ ಮಗ್ಗಿ ಹಾಗೆ ಹಿಡಿದುಕೊಳ್ಳುವುದಿಲ್ಲ.

ಲೋಕದಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಲ್ಲಿ ಇದು ಕಂಡುಬರುತ್ತದೆಂದು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಲೆಕ್ಕವಿದೆ. ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ ನಿಮ್ಹಾನ್ಸಿನ ತಜ್ಞರು 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಕ್ಕಳ ಎಲ್ಲ ಬಗೆಯ ಮಾನಸಿಕ ತೊಂದರೆಗಳೂ ಸೇರಿ ನೂರಕ್ಕೆ ಹನ್ನೆರಡರಷ್ಟು ಕಂಡುಬಂದವು. ನಲವತ್ತು ಮಕ್ಕಳ ಕೊಠಡಿಯಲ್ಲಿ ಇಂತಹವರು ಒಬ್ಬರೋ ಇಬ್ಬರೋ ಇರುವರೆಂದು ಎಣಿಸಿದರೆ ತಪ್ಪಾಗದು. ನಲವತ್ತರಲ್ಲಿ ಹತ್ತು ಮಂದಿ ಹೀಗಿದ್ದಾರೆಂದು ಉಪಾಧ್ಯಾಯರಿಗೆ ತೋರಿದರೆ, ಪರೀಕ್ಷೆ ಮಾಡಬೇಕಾದದ್ದು ಮಕ್ಕಳನ್ನಲ್ಲ, ಪಾಠವನ್ನು.

ಹಾಗಾದರೆ ಆ ಒಬ್ಬನನ್ನು ಗುರುತಿಸುವುದು ಹೇಗೆ? ಮುಖ್ಯವಾದ ತೊಡಕಿರುವುದು ಇಲ್ಲಿಯೇ. ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಚಿತ್ರದಿಂದಾಗಲಿ ಈ ತೊಂದರೆಯನ್ನು ನಿರ್ಣಯಿಸಲು ಬರುವುದಿಲ್ಲ. ಗಮನಕ್ಕೆ ಸಂಬಂಧಪಟ್ಟ ಒಂಬತ್ತು ಲಕ್ಷಣಗಳು, ಚಟುವಟಿಕೆ ಮತ್ತು ಆತುರಕ್ಕೆ ಸಂಬಂಧಪಟ್ಟ ಒಂಬತ್ತು ಲಕ್ಷಣಗಳು. ಈ ಎರಡರಲ್ಲಿ ಒಂದು ಗುಂಪಿನದಾದರೂ ಆರು ಲಕ್ಷಣಗಳು ಮಗುವಿನಲ್ಲಿರಬೇಕು. ಅವು ಆರು ತಿಂಗಳಾದರೂ ನಡೆದುಬಂದಿರಬೇಕು. ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೋ ಬೇರೆಡೆಯೋ ಕಾಣಬೇಕು. ಮಗುವಿನ ಕಲಿಕೆಗೂ ಒಡನಾಟಕ್ಕೂ ಅವುಗಳಿಂದ ನಿಜವಾಗಿ ಅಡ್ಡಿಯಾಗುತ್ತಿರಬೇಕು. ವೈದ್ಯರು ಮಗುವನ್ನು ನೋಡುವುದು ಅರ್ಧ ಗಂಟೆ, ಅದೂ ಹೊಸ ಸ್ಥಳದಲ್ಲಿ. ಹೊಸ ಸ್ಥಳದಲ್ಲಿ ಎಂತಹ ಪೋಕರಿಯೂ ಅರ್ಧ ಗಂಟೆ ಸುಮ್ಮನಿರುತ್ತಾನೆ. ಆರು ತಿಂಗಳ ಸಾಕ್ಷಿ ಇರುವುದು ಮನೆಯವರ ಬಳಿ ಮತ್ತು ಉಪಾಧ್ಯಾಯರ ಬಳಿ. ಅರ್ಧ ತಪಾಸಣೆ ಶಾಲೆಯಲ್ಲಿಯೇ ನಡೆಯಬೇಕಾದುದರಿಂದ, ಆ ಅರ್ಧವನ್ನು ಶಾಲೆ ಮಾಡದಿದ್ದರೆ ಆಸ್ಪತ್ರೆಯ ಅರ್ಧ ಊಹೆಯ ಮೇಲೆ ನಿಲ್ಲುತ್ತದೆ.

ಉಪಾಧ್ಯಾಯರು ಕಾಯಿಲೆಯ ಹೆಸರು ಹೇಳಬಾರದು, ಕಂಡದ್ದನ್ನು ಬರೆದಿಡಬೇಕು. ಇದೊಂದು ನಿಯಮವನ್ನು ಪಾಲಿಸಿದರೆ ಆಗಬಹುದಾದ ಅನ್ಯಾಯದ ಬಹುಭಾಗ ತಪ್ಪುತ್ತದೆ. “ನಿಮ್ಮ ಮಗನಿಗೆ ಎ.ಡಿ.ಎಚ್.ಡಿ. ಇದೆ” ಎಂದು ಪೋಷಕರ ಸಭೆಯಲ್ಲಿ ಹೇಳುವುದು, “ನಿಮ್ಮ ಮಗ ದಡ್ಡ” ಎಂದು ಹೇಳಿದಷ್ಟೇ ದುಡುಕು. ಅದರ ಬದಲು ನೂರು ಪುಟದ ಒಂದು ಸಾದಾ ಪುಸ್ತಕದಲ್ಲಿ ದಿನಕ್ಕೆ ಮೂರು ಸಾಲು: ಎಷ್ಟು ಸಲ ಎದ್ದನು, ಯಾವ ಪಾಠದಲ್ಲಿ ಎದ್ದನು, ಯಾವ ಹೊತ್ತಿನಲ್ಲಿ ನೆಲೆನಿಂತನು, ಕೊಟ್ಟ ಕೆಲಸದಲ್ಲಿ ಎಷ್ಟು ಮುಗಿಸಿದನು. ‘ತುಂಬಾ ತುಂಟ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. ‘ಗಣಿತದ ಅವಧಿಯಲ್ಲಿ ಒಂಬತ್ತು ಸಲ ಎದ್ದನು, ಕಥೆ ಹೇಳುವಾಗ ಒಮ್ಮೆಯೂ ಏಳಲಿಲ್ಲ’ ಎಂದು ಬರೆದರೆ ಬಹಳ ತಿಳಿಯುತ್ತದೆ. ಒಂದು ವಿಷಯದಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಆ ವಿಷಯ ಹತ್ತುತ್ತಿಲ್ಲವೆಂದಿರಬಹುದು. ಓದುವುದು ಬರೆಯುವುದು ಮಾತ್ರವೇ ಕಷ್ಟವಾದರೆ ಅದು ಕಲಿಕಾ ನ್ಯೂನತೆ, ಬೇರೆಯೇ ತೊಂದರೆ. ಎರಡೂ ಒಂದೇ ಮಗುವಿನಲ್ಲಿ ಕೂಡಿರುವುದೂ ಸಾಮಾನ್ಯ.

ಗಮನವಿಲ್ಲದಂತೆ ತೋರುವ ಮಗುವಿನ ಗಮನವನ್ನು ಬೇರೇನೋ ಕದ್ದಿರಬಹುದು. ಕಿವಿ ಸೋರುವ ಮಗು ಅರ್ಧ ಮಾತು ಕೇಳಿಸದೆ ಸುತ್ತ ನೋಡುತ್ತದೆ. ಕರಿಹಲಗೆ ಮಸುಕಾಗಿ ಕಾಣುವ ಮಗು ಪಕ್ಕದವನ ಪುಸ್ತಕಕ್ಕೆ ಬಗ್ಗುತ್ತದೆ. ಮೂರ್ಛೆರೋಗದಲ್ಲಿ ಒಂದು ಬಗೆಯುಂಟು: ಮಗು ಬೀಳುವುದಿಲ್ಲ, ನಡುಗುವುದಿಲ್ಲ, ಹತ್ತು ಸೆಕೆಂಡಿನಷ್ಟು ಹೊತ್ತು ದಿಟ್ಟಿಸಿ ನಿಂತು ಮತ್ತೆ ತನ್ನಷ್ಟಕ್ಕೆ ಸರಿಯಾಗುತ್ತದೆ. ದಿನಕ್ಕೆ ಹಲವು ಸಲ ಹಾಗಾದರೆ ಪಾಠದಲ್ಲಿ ಅಷ್ಟು ಕಡೆ ತೂತು ಬೀಳುತ್ತದೆ, ಬೈಗುಳ ಮಾತ್ರ ‘ಕನಸು ಕಾಣುತ್ತಾನೆ’ ಎಂದು. ಗಂಟಲ ಗಡ್ಡೆ ಊದಿ ರಾತ್ರಿ ಗೊರಕೆ ಹೊಡೆಯುವ ಮಗುವಿಗೆ ನಿದ್ದೆ ಸಾಲದೆ, ಹಗಲಿನಲ್ಲಿ ತೂಕಡಿಸುವುದರ ಬದಲು ಚೇಷ್ಟೆ ಹೆಚ್ಚುತ್ತದೆ. ರಕ್ತಹೀನತೆಯನ್ನಂತೂ ಮರೆಯಲಾಗದು, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿ ರಕ್ತಹೀನರು. ಇವರೇ ಮುಂದಿನ ವರ್ಷ ಒಂದನೆಯ ತರಗತಿಗೆ ಬರುವವರು. ಇನ್ನು ಮನೆಯಲ್ಲಿ ಕುಡಿತ, ಹೊಡೆತ, ಸಾವು, ಸಾಲ ಇದ್ದರೆ ಯಾವ ಮಗುವಿನ ಮನಸ್ಸು ತಾನೆ ನೆಲೆನಿಂತೀತು?

ಮತ್ತೊಂದು ಸಂಗತಿ ವಯಸ್ಸಿನದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಪ್ರಮಾಣಪತ್ರಗಳನ್ನು ತೆಗೆದುನೋಡಿದರೆ ಎಷ್ಟೋ ಮಂದಿಯ ಹುಟ್ಟಿದ ದಿನ ಜೂನ್ 1 ಎಂದಿರುವುದು ಕಾಣುತ್ತದೆ. ಅದು ದೈವಸಂಕಲ್ಪವಲ್ಲ, ಮುಖ್ಯೋಪಾಧ್ಯಾಯರ ಸಂಕಲ್ಪ. ಮಗುವಿನ ಕೈ ತಲೆಯ ಮೇಲಿಂದ ಹಾದು ಕಿವಿ ಮುಟ್ಟಿದರೆ ಸಾಕು, ವಯಸ್ಸು ತುಂಬಿತೆಂದು ಬರೆದುಕೊಳ್ಳುತ್ತಿದ್ದ ಕಾಲವದು. ಇಂದು ಜನನ ಪ್ರಮಾಣಪತ್ರವಿದೆ. ಆದರೆ ಸೇರಿಸಿಕೊಂಡ ಮೇಲೆ ಅದನ್ನು ಮತ್ತೆ ತೆಗೆದುನೋಡುವವರು ಕಡಿಮೆ. ಒಂದೇ ತರಗತಿಯಲ್ಲಿ ಕಿರಿಯ ಮಗುವಿಗೂ ಹಿರಿಯ ಮಗುವಿಗೂ ಒಂದು ವರ್ಷದ ಅಂತರವಿರಬಹುದು, ಆರು ವರ್ಷದ ಪ್ರಾಯದಲ್ಲಿ ಒಂದು ವರ್ಷವೆಂದರೆ ಆಯುಷ್ಯದ ಆರನೆಯ ಒಂದು ಪಾಲು. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತರಗತಿಗೆ ಅತಿ ಕಿರಿಯರಾದ ಡಿಸೆಂಬರ್ ತಿಂಗಳ ಹುಡುಗರಿಗೆ ಈ ಕಾಯಿಲೆಯ ಹೆಸರು ಅಂಟಿದ್ದು, ಹಿರಿಯರಾದ ಜನವರಿ ತಿಂಗಳ ಹುಡುಗರಿಗಿಂತ ನೂರಕ್ಕೆ 30ರಷ್ಟು ಹೆಚ್ಚು. ಅಷ್ಟು ಮುಂದುವರಿದ ದೇಶದಲ್ಲಿಯೇ ಎಳೆತನವನ್ನು ಕಾಯಿಲೆಯೆಂದು ಬಗೆದದ್ದುಂಟಾದರೆ ಇಲ್ಲಿ ಎಚ್ಚರ ಬೇಡವೆ? ದಿನಚರಿ ಪುಸ್ತಕದ ಮೊದಲ ಪುಟದಲ್ಲಿ ಮಗುವಿನ ನಿಜವಾದ ಹುಟ್ಟಿದ ದಿನವಿರಲಿ.

ಇದರ ಜೊತೆಗೆ, ಕೊಠಡಿಯ ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತ ಹುಡುಗಿಯೊಬ್ಬಳಿದ್ದಾಳೆ. ಓಡುವುದಿಲ್ಲ, ಕೂಗುವುದಿಲ್ಲ, ಕಣ್ಣು ಹಲಗೆಯ ಮೇಲಿದೆ, ಮನಸ್ಸು ಎಲ್ಲಿಯೋ. ಹೇಳಿದ್ದನ್ನು ಮರೆಯುತ್ತಾಳೆ, ಬರೆದದ್ದನ್ನು ಅರ್ಧಕ್ಕೆ ಬಿಡುತ್ತಾಳೆ. ಅತಿಚಟುವಟಿಕೆಯಿಲ್ಲದ ಗಮನದ ಕೊರತೆಯೂ ಇದೇ ತೊಂದರೆಯ ಇನ್ನೊಂದು ಮುಖ. ಯಾರಿಗೂ ತೊಂದರೆ ಕೊಡದ ತಪ್ಪಿಗೆ ಅವಳನ್ನು ಯಾರೂ ಎಲ್ಲಿಗೂ ಕರೆದೊಯ್ಯುವುದಿಲ್ಲ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣಳಾದಾಗ ‘ಹೆಣ್ಣುಮಗು, ಇಷ್ಟು ಸಾಕು’ ಎಂದು ವಿಷಯ ಮುಗಿಯುತ್ತದೆ. ಶಾಲೆಗಳು ತಮ್ಮ ಶಾಂತಿಯನ್ನು ಕದಡಿದವರನ್ನು ಮಾತ್ರ ಗುರುತಿಸುತ್ತವೆಯೆಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ದಿನಚರಿ ಬರೆದಾಯಿತು, ಮುಂದೆ ಎಲ್ಲಿಗೆ? ಈ ವಿಷಯದಲ್ಲಿ ನಂಜನಗೂಡು ಮತ್ತು ತಿ. ನರಸೀಪುರ ಸೀಮೆಯವರು ಇತರರಿಗಿಂತ ಭಾಗ್ಯಶಾಲಿಗಳೆನ್ನಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವೈದ್ಯರ ತಂಡ ವರ್ಷಕ್ಕೊಮ್ಮೆ ನೋಡಬೇಕೆಂದಿದೆ. ಅದು ಹುಡುಕಬೇಕಾದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಈ ಗಮನದ ಕೊರತೆಯೂ ಹೆಸರಿಸಲ್ಪಟ್ಟಿವೆ. ತಂಡ ಬಂದ ದಿನ ಹಲ್ಲು, ಕಣ್ಣು, ತೂಕ ನೋಡಿ ಮುಗಿಯುವುದುಂಟು. ಅಂದು ಉಪಾಧ್ಯಾಯರು ದಿನಚರಿಯನ್ನು ಮುಂದಿಟ್ಟು ಕೇಳಿದರೆ ಆ ಪಟ್ಟಿಯ ಉಳಿದ ಸಾಲುಗಳಿಗೂ ಜೀವ ಬರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರನ್ನು ತರುವ ಉದ್ದೇಶದಿಂದ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯವೆಂಬ ಕಾರ್ಯಕ್ರಮವನ್ನು ಆರಂಭಿಸಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿಯ ಪರೀಕ್ಷೆಗೆ ದೇಶದ ಮೂಲೆಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ; ಮನಶ್ಶಾಸ್ತ್ರಜ್ಞರ ವಿಭಾಗವೂ ಅಲ್ಲಿಯೇ ಉಂಟು. ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಹೊರಡುವ ಮುನ್ನ ಯಾರನ್ನಾದರೂ ಕೇಳಬೇಕೆಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರು ಮೊದಲು ತಾಯತ ಕಟ್ಟಿಸಿದರೆ, ನಂಜನಗೂಡಿನಲ್ಲಿ ಮುಡಿ ಕೊಡುವ ಹರಕೆ ಹೊತ್ತರೆ, ಉಪಾಧ್ಯಾಯರು ಹುಬ್ಬು ಗಂಟಿಕ್ಕಬೇಕಾದ ಕಾರಣವಿಲ್ಲ. ಪಟ್ಟದಾನೆಯ ಕಣ್ಣು ವಾಸಿಯಾದುದಕ್ಕೆ ಟಿಪ್ಪು ಸುಲ್ತಾನನು ಆ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವಿರುವ ಊರದು. ಹರಕೆ ತೀರಿಸಿ ಬರುವ ದಾರಿಯಲ್ಲಿಯೇ ಆಸ್ಪತ್ರೆಗೂ ಹೋಗಿಬರಲೆಂದು ಹೇಳಿದರೆ ಕೇಳುವರು. ಹರಕೆಯನ್ನು ಹೀಯಾಳಿಸಿದರೆ ಆಸ್ಪತ್ರೆಗೂ ಹೋಗರು.

ಚಿಕಿತ್ಸೆಯೆಂದೊಡನೆ ಮಾತ್ರೆಯ ಯೋಚನೆ ಬರುತ್ತದೆ. ಆದರೆ ಅದು ಆರಂಭವಾಗುವುದು ಕೊಠಡಿಯಲ್ಲಿ, ಯಾವ ವೈದ್ಯರ ಚೀಟಿಯೂ ಇಲ್ಲದೆ, ನಾಳೆ ಬೆಳಿಗ್ಗೆಯೇ. ಮಗುವಿಗೆ ಮೊದಲ ಸಾಲಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರ, ನೆಮ್ಮದಿಯ ಸ್ವಭಾವದ ಗೆಳೆಯನ ಪಕ್ಕ ಸ್ಥಳ ಕೊಡಬೇಕು. ಒಮ್ಮೆಗೆ ಒಂದೇ ಆದೇಶ. ಹತ್ತು ಲೆಕ್ಕವನ್ನು ಮೂರು ಕಂತಿನಲ್ಲಿ ಕೊಟ್ಟು, ಪ್ರತಿ ಕಂತು ಮುಗಿದಾಗಲೂ ಪುಸ್ತಕ ನೋಡಿ ಒಂದು ಒಳ್ಳೆಯ ಮಾತು. ಸಂಜೆಗೆ ಇಟ್ಟ ಹೊಗಳಿಕೆ ಇಂತಹ ಮಗುವಿಗೆ ತಲುಪುವುದಿಲ್ಲ. ಸೀಮೆಸುಣ್ಣ ತರುವುದು, ಗಂಟೆ ಹೊಡೆಯುವುದು, ಹಾಜರಿ ಪುಸ್ತಕವನ್ನು ಕಚೇರಿಗೆ ಒಯ್ಯುವುದು, ಕೈತೋಟಕ್ಕೆ ನೀರುಣಿಸುವುದು ಇವನ ಪಾಲಿಗೆ ಬರಲಿ. ಏಳಲೇಬೇಕಾದ ಮಗು ಕೆಲಸಕ್ಕೆಂದು ಎದ್ದರೆ ಯಾರ ಮಾನವೂ ಹೋಗದು. ಶಿಕ್ಷೆಯೆಂದು ಆಟದ ಅವಧಿಯನ್ನು ಕಿತ್ತುಕೊಳ್ಳುವುದು ಮಾತ್ರ ಎಲ್ಲಕ್ಕಿಂತ ಅವಿವೇಕ. ಬಾಯಾರಿದವನ ಚೊಂಬನ್ನು ಕಸಿದಂತೆ. ಕೋಲಿನ ವಿಚಾರ ಚರ್ಚೆಗೆ ಉಳಿದಿಲ್ಲ: 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲವೆಂದು 16ನೆಯ ಪ್ರಕರಣ ಹೇಳುತ್ತದೆ. ಮೃದುಮಾತಿನ ವರ್ಗಾವಣೆ ಪತ್ರ ಈ ಪ್ರಕರಣದ ಕಣ್ಣುತಪ್ಪಿಸುವ ಉಪಾಯವಷ್ಟೆ.

ಇಷ್ಟರಿಂದ ಸಾಲದಾದಾಗ ಔಷಧ. ಮುಖ್ಯವಾದುದು 1944ರಲ್ಲಿ ಮೊದಲು ತಯಾರಾದ ಮೀಥೈಲ್‌ಫೆನಿಡೇಟ್. ಚುರುಕು ಹೆಚ್ಚಾದವನಿಗೆ ಉತ್ತೇಜಕವನ್ನು ಕೊಡುವುದು ವಿಚಿತ್ರವಾಗಿ ತೋರಬಹುದು. ಆದರೆ ಅದು ಉತ್ತೇಜಿಸುವುದು ಕಡಿವಾಣವನ್ನು ಹಿಡಿಯುವ ಮೆದುಳಿನ ಭಾಗವನ್ನು. ಅದು ನಿದ್ದೆಯ ಮಾತ್ರೆಯಲ್ಲ, ಮಗುವನ್ನು ಮಂಕುಮಾಡಲು ಕೊಡುವುದೂ ಅಲ್ಲ. ಮಂಕಾದರೆ ಪ್ರಮಾಣ ಹೆಚ್ಚಾಗಿದೆಯೆಂದು ವೈದ್ಯರಿಗೆ ತಿಳಿಸಬೇಕು. ಹಸಿವು ಕುಗ್ಗುವುದು, ನಿದ್ದೆ ತಡವಾಗುವುದು, ಎತ್ತರದ ಬೆಳವಣಿಗೆ ಸ್ವಲ್ಪ ನಿಧಾನವಾಗುವುದು ಇದರ ಉಪದ್ರವಗಳು. ಆದುದರಿಂದ ತಿಂಡಿ ತಿಂದ ಮೇಲೆ ಮಾತ್ರೆ, ಆಗಿಂದಾಗ್ಗೆ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳ ಪರೀಕ್ಷೆ. ಮಾದಕದ್ರವ್ಯ ಕಾಯಿದೆಯ ಹತೋಟಿಗೆ ಒಳಪಟ್ಟ ಔಷಧವಾದುದರಿಂದ ವೈದ್ಯರ ಚೀಟಿಯಿಲ್ಲದೆ ಸಿಗದು, ಎಲ್ಲ ಅಂಗಡಿಗಳಲ್ಲಿಯೂ ಸಿಗದು. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ತಾಯಿತಂದೆಗಳಿಗೆ ತರಬೇತಿಯೇ ಹೊರತು ಔಷಧವಲ್ಲವೆಂಬುದು ಬಹುಮಂದಿ ತಜ್ಞರ ಮತ.

ಔಷಧ ಬೇಕೇ ಬೇಡವೇ ಎಂಬ ವಾದಕ್ಕೆ ಅಮೆರಿಕದಲ್ಲಿ 579 ಮಕ್ಕಳ ಮೇಲೆ ಹದಿನಾಲ್ಕು ತಿಂಗಳು ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವನ್ನು ಎರಡು ಕಡೆಯವರೂ ಎತ್ತಿ ಹಿಡಿಯುತ್ತಾರೆ. ಚಡಪಡಿಕೆ ಮತ್ತು ಗಮನದ ವಿಷಯದಲ್ಲಿ, ಎಚ್ಚರಿಕೆಯಿಂದ ಕೊಟ್ಟ ಔಷಧ ಬರಿಯ ನಡವಳಿಕೆಯ ತರಬೇತಿಗಿಂತ ಮೇಲೆಂದು ಅದು ತೋರಿಸಿತು; ಎರಡೂ ಕೂಡಿದಾಗ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಣ ಅಂತರವೇ ಉಳಿದಿರಲಿಲ್ಲ. ಔಷಧ ಒಂದು ಕಿಂಡಿಯನ್ನು ತೆರೆಯುತ್ತದೆ. ತೆರೆದ ಹೊತ್ತಿನಲ್ಲಿ ಹಿಂದೆಬಿದ್ದ ಓದನ್ನೂ ಲೆಕ್ಕವನ್ನೂ ಯಾರಾದರೂ ಕಲಿಸಬೇಕು. ಮಾತ್ರೆ ನುಂಗಿದ ಮಗುವಿಗೆ ಭಾಗಾಹಾರ ತಾನಾಗಿ ಬರುವುದಿಲ್ಲ.

ಕಾಯಿದೆಯಲ್ಲಿಯೂ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ ಇಪ್ಪತ್ತೊಂದು ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ, ಗಮನದ ಕೊರತೆ ಸೇರಿಲ್ಲ. ಆದುದರಿಂದ ಪರೀಕ್ಷೆಯಲ್ಲಿ ಹೆಚ್ಚು ಸಮಯವೇ ಮುಂತಾದ ಸವಲತ್ತುಗಳನ್ನು ಕೇಳಲು ಈ ಮಗುವಿನ ಕೈಯಲ್ಲಿ ಪ್ರಮಾಣಪತ್ರವಿರುವುದಿಲ್ಲ. ಶಾಲೆಯ ಒಳಪರೀಕ್ಷೆಗಳಲ್ಲಿ ಹದಿನೈದು ನಿಮಿಷ ಹೆಚ್ಚು ಕೊಡಲು ಯಾವ ಕಾಯಿದೆಯೂ ಅಡ್ಡಬಾರದು. ಅಷ್ಟು ಔದಾರ್ಯಕ್ಕೆ ಸರ್ಕಾರದ ಆಜ್ಞೆಗೆ ಕಾಯಬೇಕೆ?

ಇನ್ನು ದಾನಿಗಳಿಗೆ ಸಂಬಂಧಿಸಿದ ಮಾತು. ಕೊಠಡಿಗೆ, ಹೆಬ್ಬಾಗಿಲಿಗೆ, ನೀರಿನ ತೊಟ್ಟಿಗೆ ದಾನ ಮಾಡಿದವರ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ, ನಿಲ್ಲತಕ್ಕದ್ದೇ. ಆದರೆ ಮೇಲೆ ಹೇಳಿದ ಬಾಲಕನಿಗೂ ಮೈಸೂರಿನ ಆಸ್ಪತ್ರೆಗೂ ನಡುವೆ ನಿಂತಿರುವುದು ಕಟ್ಟಡದ ಕೊರತೆಯಲ್ಲ. ತಂದೆ ನಂಜನಗೂಡಿನ ಕಾರ್ಖಾನೆಯಲ್ಲಿ ದಿನಗೂಲಿ, ತಾಯಿ ಕಬ್ಬಿನ ಗದ್ದೆಯಲ್ಲಿ ಕೂಲಿ. ಒಂದು ದಿನ ಆಸ್ಪತ್ರೆಗೆಂದು ಹೊರಟರೆ ಇಬ್ಬರ ಕೂಲಿ ಹೋಯಿತು. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಬೇರೆ. ಒಂದು ಭೇಟಿಯಲ್ಲಿ ಮುಗಿಯುವ ವಿಷಯವೂ ಅಲ್ಲ. ಕಿವಿಗೊಂದು ದಿನ, ಮನಶ್ಶಾಸ್ತ್ರಜ್ಞರ ಪರೀಕ್ಷೆಗೊಂದು ದಿನ, ಔಷಧದ ಪ್ರಮಾಣ ಹೊಂದಿಸಲು ಮತ್ತೆ ಎರಡು ಮೂರು ದಿನ. ಎರಡನೆಯ ಭೇಟಿಗೆ ಬಾರದವರನ್ನು ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಕಳೆದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ತುಂಬಿಕೊಡುವ ಒಂದು ಸಣ್ಣ ನಿಧಿ, ಕಣ್ಣು ಮಂಜಾದವನಿಗೆ ಕನ್ನಡಕ, ವಾರಕ್ಕೆರಡು ದಿನ ಬರುವ ಒಬ್ಬ ಆಪ್ತಸಲಹೆಗಾರರ ಸಂಭಾವನೆ: ಇವುಗಳ ಮೇಲೆ ಹೆಸರು ಕೆತ್ತಲು ಕಲ್ಲಿಲ್ಲದಿರುವುದೇ ಈವರೆಗೆ ಇವಕ್ಕೆ ದಾನ ಬಾರದಿರುವುದಕ್ಕೆ ಕಾರಣವಾಗಿರಬಾರದಷ್ಟೆ.

ಇಂತಹ ನಿಧಿಯಿಂದ ಶಾಲೆ ಕೊಳ್ಳಬೇಕಾದ ಮೊದಲ ವಸ್ತು ಬೀಗವಿರುವ ಒಂದು ಚಿಕ್ಕ ಕಪಾಟು. ಸಾಧಾರಣ ಮೀಥೈಲ್‌ಫೆನಿಡೇಟ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಬೆಳಿಗ್ಗೆ ಮನೆಯಲ್ಲಿ ನುಂಗಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯುತ್ತದೆ. ಎರಡನೆಯದನ್ನು ಕೊಡಬೇಕಾದವರು ಶಾಲೆಯವರೇ. ಅದು ಮಗುವಿನ ಚೀಲದಲ್ಲಿರಕೂಡದು, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಬೀಗದ ಒಳಗಿರಬೇಕು. ಕೊಟ್ಟ ಹೊತ್ತನ್ನು ಬರೆದು ರುಜು ಹಾಕಬೇಕು. ಮಗುವನ್ನು ಎಲ್ಲರೆದುರು ‘ಮಾತ್ರೆಗೆ ಬಾ’ ಎಂದು ಕೂಗಿ ಕರೆಯಬಾರದು. ವಸತಿನಿಲಯದಲ್ಲಿರುವ ಮಕ್ಕಳಿಗೆ ಈ ಹೊಣೆ ನಿಲಯಪಾಲಕರದು. ಮುಂಜಾನೆಯ ಪ್ರಾರ್ಥನೆ, ಓದಿನ ಹೊತ್ತು, ಪ್ರಸಾದದ ಸಾಲು ಇವುಗಳಲ್ಲಿ ಆ ಮಗು ಹೇಗಿರುತ್ತದೆಂದು ಬಲ್ಲವರು ಅವರೇ ಆದುದರಿಂದ, ಮನೆಯ ಸಾಕ್ಷ್ಯವೆಂದು ವೈದ್ಯರು ಕೇಳುವುದರ ಹೆಚ್ಚಿನ ಪಾಲನ್ನು ಅವರೇ ಬರೆಯಬೇಕಾಗುತ್ತದೆ. ದಸರೆಗೂ ಬೇಸಿಗೆಗೂ ಮಗು ಊರಿಗೆ ಹೊರಟಾಗ ಬಟ್ಟೆಯ ಗಂಟಿನ ಜೊತೆಗೆ ಆ ನೂರು ಪುಟದ ಪುಸ್ತಕವೂ ಹೋಗಬೇಕು. ರಜೆಯ ದಿನಗಳನ್ನು ತಾಯಿ ಅದರಲ್ಲಿ ಬರೆದು ಕಳುಹಿಸಲಿ; ಅಕ್ಷರ ಬಾರದಿದ್ದರೆ ಹಿರಿಯ ಅಕ್ಕನೋ ನೆರೆಮನೆಯ ಅಂಗನವಾಡಿ ಕಾರ್ಯಕರ್ತೆಯೋ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಟ್ಟರೂ ಸಾಕು.